ಬೆಕ್ಕಿನ ನಡುಕಿವಿಯ ತೊಂದರೆ: ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ.ನಲ್ಲಿ ಪತ್ತೆ ಹಚ್ಚುವುದು ಹೇಗೆ

ಬೆಕ್ಕು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಡೆಯುತ್ತಿದೆ. ಓಟೋಸ್ಕೋಪ್ ಇಟ್ಟು ನೋಡಿದರೆ ಕಿವಿ ಚೊಕ್ಕವಾಗಿದೆ. ಗುಗ್ಗೆ ಇಲ್ಲ, ವಾಸನೆ ಇಲ್ಲ, ಕಿವಿತಮಟೆಯೂ ತೂತಾಗಿಲ್ಲ. ಇಷ್ಟು ನೋಡಿ "ಕಿವಿ ಸರಿಯಾಗಿದೆ" ಅಂತ ಬರೆದುಬಿಟ್ಟರೆ ಅಲ್ಲಿಗೇ ದಾರಿ ತಪ್ಪುತ್ತದೆ. ನೀವು ನೋಡಿದ್ದು ಹೊರಕಿವಿಯನ್ನು ಮಾತ್ರ. ತೊಂದರೆ ತಮಟೆಯ ಆಚೆ ಇರಬಹುದು, ಬೆಕ್ಕುಗಳಲ್ಲಿ ಅದು ಆಚೆಯೇ ಶುರುವಾಗುವುದು ಅಪರೂಪವೇನಲ್ಲ.

ನಾಯಿಗಳಲ್ಲಿ ನಡುಕಿವಿಯ ಸೋಂಕು ಬಹುಮಟ್ಟಿಗೆ ಹೊರಕಿವಿಯ ಹಳೇ ಸೋಂಕಿನ ಮುಂದುವರಿಕೆ. ಅಲ್ಲಿ ಕಿವಿ ಸೋರುತ್ತದೆ, ನಾರುತ್ತದೆ, ಕೆರೆತ ಇರುತ್ತದೆ, ಹಾಗಾಗಿ ಅನುಮಾನ ತಾನಾಗೇ ಬರುತ್ತದೆ. ಬೆಕ್ಕಿನಲ್ಲಿ ಇನ್ನೊಂದು ದಾರಿಯೂ ಉಂಟು. ಮೂಗು, ಗಂಟಲಿನ ಸೋಂಕು ಯೂಸ್ಟೇಷಿಯನ್ ನಳಿಕೆ ಹಿಡಿದು ಮೇಲೇರಿ ನಡುಕಿವಿಗೆ ಸೇರುತ್ತದೆ. ಆಗ ಹೊರಕಿವಿಗೂ ಈ ಕಾಯಿಲೆಗೂ ಸಂಬಂಧವೇ ಇರುವುದಿಲ್ಲ. ಮರಿಯಾಗಿದ್ದಾಗ ಶೀತ, ಸೀನು ಬಂದಿತ್ತಾ ಅಂತ ಕೇಳುವುದು ಇದಕ್ಕೇ.

ಹೀಗಾಗಿ ಬೆಕ್ಕಿನಲ್ಲಿ ಸ್ಕ್ಯಾನ್ ಮಾಡಿಸುವುದು ಕೊನೆಗೆ ನೋಡೋಣ ಅಂತ ಮುಂದೂಡುವ ಕೆಲಸ ಅಲ್ಲ. ಆದರೆ ಯಾವ ಸ್ಕ್ಯಾನ್, ಯಾವ ಪ್ರಶ್ನೆಗೆ ಅನ್ನುವುದು ಮೊದಲೇ ಗೊತ್ತಿರಬೇಕು. ಪ್ರಶ್ನೆ ಇಲ್ಲದೆ ಸುಮ್ನೆ ಚಿತ್ರ ತೆಗೆದರೆ ಖರ್ಚೂ ಹೋಗುತ್ತದೆ, ಬೆಕ್ಕಿಗೆ ಅರಿವಳಿಕೆಯೂ ದಂಡ.

ಮೊದಲು ಒಳಗಿನ ರಚನೆ ಗೊತ್ತಿರಲಿ

ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಮೂಳೆಯ ಗುಳ್ಳೆ ಇದೆ. ಅದಕ್ಕೆ ಬುಲ್ಲಾ ಅಂತಾರೆ. ನಾಯಿಯಲ್ಲಿ ಅದು ಹೆಚ್ಚುಕಡಿಮೆ ಒಂದೇ ಕೋಣೆ. ಬೆಕ್ಕಿನಲ್ಲಿ ತೆಳ್ಳನೆಯ ಮೂಳೆಗೋಡೆಯೊಂದು ಅದನ್ನು ಎರಡು ಮಾಡುತ್ತದೆ. ಹೊರಗಡೆಗೆ, ಮೇಲಕ್ಕೆ ಇರುವುದು ಚಿಕ್ಕ ಕೋಣೆ, ತಮಟೆ ಇದಕ್ಕೆ ಅಂಟಿಕೊಂಡಿದೆ. ಒಳಗಡೆಗೆ, ಕೆಳಕ್ಕೆ ಇರುವುದು ದೊಡ್ಡ ಕೋಣೆ. ಎರಡರ ನಡುವೆ ಓಡಾಟಕ್ಕೆ ಇರುವುದು ಒಂದು ಸಣ್ಣ ಸಂದು ಮಾತ್ರ.

ಈ ಒಂದು ಗೋಡೆಯಿಂದಲೇ ಬೆಕ್ಕಿನ ಕಿವಿಯ ಅರ್ಧ ತಲೆನೋವು ಶುರುವಾಗುವುದು. ಹೊರಕಿವಿಯಿಂದ ಟ್ಯೂಬ್ ತೂರಿಸಿ ತೊಳೆದರೆ ಚಿಕ್ಕ ಕೋಣೆ ತೊಳೆದಂತಾಗುತ್ತದೆ, ದೊಡ್ಡ ಕೋಣೆಯ ಕೀವು ಅಲ್ಲೇ ಉಳಿಯುತ್ತದೆ. ಚಿತ್ರ ನೋಡುವಾಗಲೂ ಎರಡು ಕೋಣೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಖಾಲಿ, ಇನ್ನೊಂದು ತುಂಬಿದೆ ಅನ್ನುವುದು ಸಾಧ್ಯ. "ಬುಲ್ಲಾದಲ್ಲಿ ದ್ರವ ಇದೆ" ಅಂತ ಒಂದೇ ಸಾಲಿನ ವರದಿ ಬಂದರೆ ಯಾವ ಕೋಣೆಯಲ್ಲಿ ಅಂತ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಕಣ್ಣಿಗೆ ಹೋಗಿ ಪಾಪೆ, ರೆಪ್ಪೆಗಳನ್ನು ಹಿಡಿತದಲ್ಲಿಡುವ ಸಿಂಪಥೆಟಿಕ್ ನರದ ಎಳೆಗಳು ಕೂಡ ನಡುಕಿವಿಯ ಒಳಗೇ ಹಾದು ಹೋಗುತ್ತವೆ, ಬೆಕ್ಕಿನಲ್ಲಿ ಅವಕ್ಕೆ ಮರೆ ತೀರಾ ಕಡಿಮೆ. ಮುಖದ ನರವೂ ಪಕ್ಕದಲ್ಲೇ ಇದೆ. ಸಮತೋಲ ನೋಡಿಕೊಳ್ಳುವ ಒಳಕಿವಿ ಅಂತೂ ಗೋಡೆಯಾಚೆಯ ನೆರೆಮನೆ. ಇದು ನೆನಪಿದ್ದರೆ ಮುಂದಿನ ಲಕ್ಷಣಗಳನ್ನು ಬಾಯಿಪಾಠ ಮಾಡುವ ಅಗತ್ಯ ಇರುವುದಿಲ್ಲ.

ಲಕ್ಷಣ ನೋಡಿ ಜಾಗ ಊಹಿಸುವುದು

ಒಂದು ಕಣ್ಣಿನ ಪಾಪೆ ಚಿಕ್ಕದಾಗಿದೆ, ರೆಪ್ಪೆ ಜೋತಿದೆ, ಮೂರನೇ ರೆಪ್ಪೆ ಎದ್ದು ಬಂದಿದೆ, ಕಣ್ಣು ಸ್ವಲ್ಪ ಒಳಸೇರಿದಂತೆ ಕಾಣುತ್ತದೆ. ಇದು ಹಾರ್ನರ್ ಸಿಂಡ್ರೋಮ್. ಕಣ್ಣಿನ ಕಾಯಿಲೆ ಅಂತ ಕಣ್ಣಿಗೆ ಹನಿ ಹಾಕುತ್ತಾ ಕೂರಬೇಡಿ. ಕತ್ತಿನ ಗಾಯ, ಎದೆಗೂಡಿನೊಳಗಿನ ಗಡ್ಡೆ ಮುಂತಾದ ಬೇರೆ ಕಾರಣಗಳೂ ಇವೆ, ಆದರೆ ಅದೇ ಕಡೆಯ ನಡುಕಿವಿಯನ್ನು ನೋಡದೆ ಮುಂದೆ ಹೋಗಬಾರದು.

ತಲೆ ವಾಲಿದೆ, ಕಣ್ಣುಗುಡ್ಡೆ ಅಡ್ಡಡ್ಡ ತುಯ್ಯುತ್ತಿದೆ, ನಡಿಗೆ ತೂರಾಡುತ್ತಿದೆ. ಅಂದರೆ ಒಳಕಿವಿಗೂ ಬಿಸಿ ತಟ್ಟಿದೆ. ತಲೆ ಸಾಮಾನ್ಯವಾಗಿ ಕಾಯಿಲೆ ಇರುವ ಕಡೆಗೇ ವಾಲುತ್ತದೆ, ಕಣ್ಣುಗುಡ್ಡೆಯ ಜೋರಿನ ಎಳೆತ ಅದರ ಎದುರು ದಿಕ್ಕಿಗೆ. ಎರಡೂ ಕಿವಿ ಕೆಟ್ಟಿದ್ದರೆ ತಲೆ ವಾಲುವುದೇ ಇಲ್ಲ, ಬೆಕ್ಕು ನೆಲಕ್ಕೆ ಅಂಟಿಕೊಂಡು ಕೂತು ತಲೆಯನ್ನು ಆಚೆಗೂ ಈಚೆಗೂ ಅಗಲಕ್ಕೆ ಬೀಸುತ್ತಿರುತ್ತದೆ. ಇದನ್ನು ಎಷ್ಟೋ ಸಲ "ಸುಸ್ತು" ಅಂತ ಬರೆದು ಬಿಡುತ್ತಾರೆ.

ಒಂದು ಕಡೆಯ ತುಟಿ ಜೋತಿದೆ, ರೆಪ್ಪೆ ಮುಚ್ಚುತ್ತಿಲ್ಲ ಅಂದರೆ ಮುಖದ ನರದ ತೊಂದರೆ. ಆ ಕಣ್ಣು ಒಣಗದ ಹಾಗೆ ನೋಡಿಕೊಳ್ಳುವುದು ಸ್ಕ್ಯಾನಿಗೆ ಕಾಯುವ ಕೆಲಸ ಅಲ್ಲ, ಅವತ್ತೇ ಶುರು ಮಾಡಿ.

ಬಾಯಿ ತೆರೆದರೆ ನೋವು, ಆಕಳಿಸಲು ಹೆದರಿಕೆ, ಗಟ್ಟಿ ಆಹಾರ ಬಿಟ್ಟಿದೆ ಅಂದರೆ ಎಲ್ಲರೂ ಹಲ್ಲು ನೋಡುತ್ತಾರೆ. ನೋಡಬೇಕಾದ್ದೇ. ಆದರೆ ದವಡೆಯ ಕೀಲು ಬುಲ್ಲಾದ ಪಕ್ಕದಲ್ಲೇ ಇದೆ ಅನ್ನುವುದು ಮರೆಯಬೇಡಿ. ಗೊರಕೆಯಂಥ ಉಸಿರು, ನುಂಗಲು ಕಷ್ಟ, ದನಿ ಬದಲಾಗಿದೆ, ವಯಸ್ಸು ಎರಡು ವರ್ಷದೊಳಗೆ ಅಂದರೆ ಪಾಲಿಪ್ (ಕ್ಯಾನ್ಸರ್ ಅಲ್ಲದ, ತೊಟ್ಟಿರುವ ಮಾಂಸದುಂಡೆ) ಅನುಮಾನ ಮೇಲಕ್ಕೆ ಬರಬೇಕು. ಪಾಲಿಪ್ ದೊಡ್ಡ ಬೆಕ್ಕಿನಲ್ಲಿ ಬರುವುದೇ ಇಲ್ಲ ಅಂತಲ್ಲ, ಎಳೆಯದರಲ್ಲಿ ಜಾಸ್ತಿ.

ಇನ್ನು ಒಂದು ಗುಂಪು ಇದೆ. ಕಣ್ಣುಗುಡ್ಡೆ ಮೇಲೆ ಕೆಳಗೆ ತುಯ್ಯುತ್ತಿದೆ, ಬೆಕ್ಕು ಮಂಕಾಗಿದೆ, ಪಾದ ಮಡಚಿ ಇಟ್ಟರೆ ಸರಿಪಡಿಸಿಕೊಳ್ಳುತ್ತಿಲ್ಲ. ಇದು ಕಿವಿ ದಾಟಿ ಮಿದುಳಿಗೆ ಹೋದ ಲಕ್ಷಣ. ಇಲ್ಲಿ ಎಕ್ಸ್‌ರೇ ತೆಗೆಯುತ್ತಾ ಹೊತ್ತು ಕಳೆಯಬೇಡಿ, ನೇರವಾಗಿ ಎಂ.ಆರ್.ಐ. ಕಡೆ ನಡೆಯಿರಿ.

ಸ್ಕ್ಯಾನಿಗೆ ಮೊದಲು ಕಿವಿ ತೊಳೆಯಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೆಕ್ಕಿಗೆ ಹೇಗೂ ಅರಿವಳಿಕೆ ಕೊಟ್ಟಿದ್ದೇವೆ, ಸ್ಕ್ಯಾನ್ ಮಷೀನ್ ಖಾಲಿಯಾಗುವಷ್ಟರಲ್ಲಿ ಕಿವಿ ತೊಳೆದುಬಿಡೋಣ ಅನ್ನಿಸುವುದು ಸಹಜ. ತಮಟೆ ತೂತಾಗಿದ್ದರೆ ನೀವು ಬಿಟ್ಟ ಸಲೈನ್ ಬುಲ್ಲಾದೊಳಗೆ ಹೋಗಿ ಕೂರುತ್ತದೆ. ಆಮೇಲೆ ಚಿತ್ರದಲ್ಲಿ ಕಾಣುವುದು ಕಾಯಿಲೆಯ ದ್ರವವೋ ನಿಮ್ಮ ಸಲೈನೋ ಹೇಳುವವರು ಯಾರು? ಮೊದಲು ಸ್ಕ್ಯಾನ್, ಆಮೇಲೆ ಓಟೋಸ್ಕೋಪ್, ಆಮೇಲೆ ಸ್ಯಾಂಪಲ್, ಕೊನೆಗೆ ತೊಳೆಯುವುದು. ಈ ಸಾಲು ಕೆಡಬಾರದು.

ತಮಟೆ ಸರಿಯಿದೆಯಾ ಅಂತ ಗೊತ್ತಾಗುವ ತನಕ ಸಿಕ್ಕ ಸಿಕ್ಕ ಹನಿಗಳನ್ನೂ ಹಾಕಬೇಡಿ. ಜೆಂಟಾಮೈಸಿನ್ ಜಾತಿಯ ಔಷಧಗಳು, ಕ್ಲೋರ್‌ಹೆಕ್ಸಿಡಿನ್ ಇವೆಲ್ಲ ನಡುಕಿವಿಗೆ ಇಳಿದರೆ ಒಳಕಿವಿಗೆ ಪೆಟ್ಟು ಕೊಡಬಲ್ಲವು, ಬೆಕ್ಕು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಹನಿ ಹಾಕಿದ ಮೇಲೆ ತಲೆ ವಾಲಿತು ಅಂತ ಮನೆಯವರು ಹೇಳಿದರೆ ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಎಕ್ಸ್‌ರೇ: ಸಿಕ್ಕರೆ ಸುಳಿವು, ಸಿಗದಿದ್ದರೆ ಏನೂ ಹೇಳಲಾಗದು

ಎಲ್ಲ ಕಡೆ ಸಿಗುವುದು ಎಕ್ಸ್‌ರೇ. ಸರಿಯಾಗಿ ತೆಗೆದರೆ ಉಪಯೋಗವೂ ಇದೆ. "ಸರಿಯಾಗಿ" ಅನ್ನುವ ಮಾತಿನಲ್ಲೇ ಇರುವುದು ಕಷ್ಟ. ಎಚ್ಚರ ಇರುವ ಬೆಕ್ಕನ್ನು ಇಬ್ಬರು ಹಿಡಿದುಕೊಂಡು ತೆಗೆದ ತಲೆಯ ಎಕ್ಸ್‌ರೇಗೆ ಕಿವಿಯ ಮಟ್ಟಿಗೆ ಬೆಲೆಯೇ ಇಲ್ಲ. ತಲೆ ಚೂರು ಹೊರಳಿದರೂ ಒಂದು ಬುಲ್ಲಾ ಇನ್ನೊಂದಕ್ಕಿಂತ ಬೆಳ್ಳಗೆ ಕಾಣುತ್ತದೆ, ಇಲ್ಲದ ಕಾಯಿಲೆ ಹುಟ್ಟಿಕೊಳ್ಳುತ್ತದೆ. ಅರಿವಳಿಕೆ ಬೇಕೇ ಬೇಕು.

ಒಂದೇ ಕೋನ ಸಾಲದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಬುಲ್ಲಾದ ಮೇಲೆ ಕಿವಿಯ ದಪ್ಪ ಮೂಳೆ ಬಂದು ಕೂರುತ್ತದೆ. ನೇರ ಪಕ್ಕದಿಂದ ತೆಗೆದರೆ ಎಡ ಬಲ ಎರಡೂ ಒಂದರ ಮೇಲೊಂದು. ಹಾಗಾಗಿ ಎರಡೂ ಕಡೆಯ ಓರೆ ಚಿತ್ರಗಳು ಬೇಕು, ಎರಡನ್ನೂ ಒಂದೇ ಕೋನದಲ್ಲಿ ತೆಗೆದು ಹೋಲಿಸಬೇಕು. ಮುಂದಿನಿಂದ ಬಾಯಿ ತೆರೆಸಿ ತೆಗೆಯುವ ಚಿತ್ರ ಹಳೆಯ ಕ್ರಮ. ಅದರಲ್ಲಿ ನಾಲಿಗೆ, ಉಸಿರಿನ ಟ್ಯೂಬ್ ಅಡ್ಡ ಬರದ ಹಾಗೆ ನೋಡಿಕೊಳ್ಳಬೇಕು. ಬೆಕ್ಕಿಗೆ ಅದಕ್ಕಿಂತ ಸುಲಭದ ದಾರಿ ಇದೆ: ಅಂಗಾತ ಮಲಗಿಸಿ, ಬಾಯಿ ಮುಚ್ಚಿದ ಹಾಗೇ ಇಟ್ಟು, ಮುಂದಿನಿಂದ ಸುಮಾರು 10 ಡಿಗ್ರಿ ಓರೆಯಲ್ಲಿ ತೆಗೆಯುವುದು. ಬೆಕ್ಕಿನ ಬುಲ್ಲಾ ದೊಡ್ಡದು, ತಲೆಯೂ ನಾಯಿಗಿಂತ ಗುಂಡಗೆ, ಅದಕ್ಕೇ ಈ ಕೋನದಲ್ಲಿ ಎರಡೂ ಬುಲ್ಲಾ ಅಕ್ಕಪಕ್ಕ ಬಿಡಿಸಿಟ್ಟಂತೆ ಬರುತ್ತವೆ, ನಡುಗೋಡೆಯೂ ಕಾಣುತ್ತದೆ.

ಏನು ನೋಡಬೇಕು? ಆರೋಗ್ಯದ ಬುಲ್ಲಾ ಒಳಗೆ ಕಪ್ಪು, ಸುತ್ತ ತೆಳ್ಳನೆ ಬಿಳಿ ಗೆರೆ. ಒಳಗೆ ಬೂದು ಬಣ್ಣ ಬಂದಿದ್ದರೆ ಏನೋ ತುಂಬಿದೆ. ಗೆರೆ ದಪ್ಪ ಆಗಿದ್ದರೆ ಕಾಯಿಲೆ ಹಳೆಯದು. ಗೆರೆ ಅಲ್ಲಲ್ಲಿ ಮುರಿದಿದ್ದರೆ ಮೂಳೆ ಕರಗುತ್ತಿದೆ, ಅಂದರೆ ಗಡ್ಡೆ ಅಥವಾ ಮೂಳೆಗೇ ಇಳಿದ ಸೋಂಕು. ಹೊರಕಿವಿಯ ಗಾಳಿಯ ದಾರಿ ಕಿರಿದಾಗಿದೆಯಾ ಅಂತಲೂ ನೋಡಿ. ಪಕ್ಕದ ಚಿತ್ರದಲ್ಲಿ ಮೃದು ಅಂಗುಳದ ಮೇಲೆ ಉಂಡೆಯಂಥದ್ದು ಕಂಡರೆ ಪಾಲಿಪ್ ಗಂಟಲಿಗೆ ಇಳಿದಿದೆ.

ಎಕ್ಸ್‌ರೇಯಲ್ಲಿ ದ್ರವವೂ ಮಾಂಸವೂ ಒಂದೇ ಬೂದು. ಕೀವೋ ಪಾಲಿಪ್ಪೋ ಅಂತ ಅದು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾದ್ದು: ಎಕ್ಸ್‌ರೇ ಸರಿಯಾಗಿ ಬಂದಿದೆ ಅಂದ ಮಾತ್ರಕ್ಕೆ ನಡುಕಿವಿ ಸರಿಯಿದೆ ಅಂತಲ್ಲ. ಶುರುವಿನ ಕಾಯಿಲೆ, ಸ್ವಲ್ಪವೇ ದ್ರವ, ಒಂದೇ ಕೋಣೆಯ ತೊಂದರೆ, ಇವೆಲ್ಲ ತಪ್ಪಿಸಿಕೊಳ್ಳುತ್ತವೆ. ಲಕ್ಷಣ ಇದೆ, ಎಕ್ಸ್‌ರೇ ಚೆನ್ನಾಗಿದೆ ಅಂದರೆ ಲಕ್ಷಣವನ್ನು ನಂಬಿ.

ಅಲ್ಟ್ರಾಸೌಂಡ್

ಗಾಳಿ ತುಂಬಿದ ಬುಲ್ಲಾ ಮೇಲೆ ಪ್ರೋಬ್ ಇಟ್ಟರೆ ಹತ್ತಿರದ ಗೋಡೆ ಬೆಳ್ಳನೆ ಗೆರೆಯಾಗಿ ಕಾಣುತ್ತದೆ, ಅದರ ಹಿಂದೆ ಬರೀ ಪ್ರತಿಧ್ವನಿಯ ಮಸುಕು. ಒಳಗೆ ದ್ರವ ಇದ್ದರೆ ಆಚೆ ಕಡೆಯ ಗೋಡೆಯೂ ಕಾಣುತ್ತದೆ. ಇಷ್ಟೇ ಇದರ ಗುಟ್ಟು. ಎಚ್ಚರ ಇರುವ ಬೆಕ್ಕಿಗೂ ಮಾಡಬಹುದು ಅನ್ನುವುದೇ ದೊಡ್ಡ ಅನುಕೂಲ. ಆದರೆ ಮಾಡುವವರ ಕೈ ಪಳಗಿರಬೇಕು, ಗೋಡೆ ದಪ್ಪ ಆಗಿದ್ದರೆ ಅಲೆ ಒಳಗೆ ಹೋಗುವುದಿಲ್ಲ, ಮೂಳೆಯ ವಿವರ ಸಿಗುವುದಿಲ್ಲ. ಅರಿವಳಿಕೆ ಕೊಡಲು ಆಗದ ಬೆಕ್ಕಿಗೆ ಸರಿ, ಆಪರೇಷನ್ ಇದರ ಮೇಲೆ ತೀರ್ಮಾನಿಸಬೇಡಿ.

ಸಿ.ಟಿ.: ನಡುಕಿವಿಗೆ ನಾನು ಮೊದಲು ಕೇಳುವುದು ಇದನ್ನೇ

ನಡುಕಿವಿಯ ಪ್ರಶ್ನೆಗೆ ಒಂದೇ ಸ್ಕ್ಯಾನ್ ಮಾಡಿಸಲು ಸಾಧ್ಯ ಅಂದರೆ ನಾನು ಸಿ.ಟಿ. ಅನ್ನುತ್ತೇನೆ. ಒಂದರ ಮೇಲೊಂದು ಬರುವ ತಾಪತ್ರಯ ಇಲ್ಲ, ಮೂಳೆ ಚೆನ್ನಾಗಿ ಕಾಣುತ್ತದೆ, ಸ್ಕ್ಯಾನ್ ಬೇಗ ಮುಗಿಯುತ್ತದೆ, ಅದೇ ಸುತ್ತಿನಲ್ಲಿ ಮೂಗು, ಗಂಟಲಿನ ಹಿಂಭಾಗ, ದವಡೆಯ ಕೀಲು, ಲಿಂಫ್ ಗ್ರಂಥಿ ಎಲ್ಲ ಬರುತ್ತದೆ. ಆದರೆ ಯಂತ್ರಕ್ಕೆ ಹೇಳುವುದನ್ನು ಸರಿಯಾಗಿ ಹೇಳದಿದ್ದರೆ ಸಿ.ಟಿ. ಕೂಡ ಮೋಸ ಮಾಡುತ್ತದೆ.

ಮಲಗಿಸುವುದರಿಂದ ಶುರು ಮಾಡಿ. ಬೆಕ್ಕನ್ನು ಹೊಟ್ಟೆಯ ಮೇಲೆ ಮಲಗಿಸಿ, ಅಂಗುಳ ಮೇಜಿಗೆ ಸಮನಾಗಿರಲಿ, ತಲೆ ಹೊರಳದಿರಲಿ. ಎರಡು ಬುಲ್ಲಾ ಒಂದೇ ಸ್ಲೈಸಿನಲ್ಲಿ (ಅಡ್ಡಕೊಯ್ತದ ಚಿತ್ರದಲ್ಲಿ) ಒಂದೇ ಗಾತ್ರದಲ್ಲಿ ಬಂದರೆ ಮಾತ್ರ ಹೋಲಿಕೆಗೆ ಅರ್ಥ. ಸ್ಲೈಸ್ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿರಲಿ. ದಪ್ಪ ಸ್ಲೈಸಿನಲ್ಲಿ ನಡುಗೋಡೆ ಮಾಯವಾಗುತ್ತದೆ, ತೆಳುಗೋಡೆಯಲ್ಲಿ ತೂತಿದ್ದ ಹಾಗೆ ಕಾಣುತ್ತದೆ. ಮೂಳೆಗೆ ಒಂದು ಅಲ್ಗಾರಿದಂ (ಯಂತ್ರ ಚಿತ್ರ ಕಟ್ಟುವ ಲೆಕ್ಕ), ಮೃದು ಭಾಗಕ್ಕೆ ಇನ್ನೊಂದು, ಎರಡರಲ್ಲೂ ಚಿತ್ರ ಮಾಡಿಸಿಕೊಳ್ಳಿ. ಆಮೇಲೆ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ, ರಕ್ತ ಹರಿಯುವ ಭಾಗವನ್ನು ಚಿತ್ರದಲ್ಲಿ ಬೆಳಗಿಸುವ ಔಷಧ) ಕೊಟ್ಟು ಇನ್ನೊಂದು ಸುತ್ತು. ಕಾಂಟ್ರಾಸ್ಟ್ ಬಿಟ್ಟು ಉಳಿಸಿದ ಖರ್ಚು ಸಾಮಾನ್ಯವಾಗಿ ಎರಡನೇ ಸಲದ ಸ್ಕ್ಯಾನಿಗೆ ಹೋಗುತ್ತದೆ. ಕಾಂಟ್ರಾಸ್ಟ್ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ಹಾಗಾಗಿ ಮೂತ್ರಪಿಂಡ ಕೆಟ್ಟ ಬೆಕ್ಕಾದರೆ ಅದನ್ನು ಮೊದಲೇ ರಕ್ತಪರೀಕ್ಷೆಯಲ್ಲಿ ತಿಳಿದಿರಬೇಕು ಅನ್ನಿ.

ಈಗ ಓದುವುದು. ಮೂಳೆಯ ವಿಂಡೋ (ಪರದೆಯಲ್ಲಿ ತೋರಿಸುವ ಕಪ್ಪು-ಬಿಳುಪಿನ ಹರವು) ಅಗಲವಾಗಿರಲಿ. ಮೃದು ಭಾಗದ ಕಿರಿದಾದ ವಿಂಡೋದಲ್ಲಿ ನೋಡಿದರೆ ಆರೋಗ್ಯದ ಗೋಡೆಯೂ ದಪ್ಪವಾಗಿ ಕಾಣುತ್ತದೆ. ಇನ್ನೊಂದು ಮೋಸ ಇದಕ್ಕಿಂತ ನಯವಾದ್ದು: ಒಳಗೆ ದ್ರವ ತುಂಬಿದ್ದರೆ ಗೋಡೆ ನಿಜಕ್ಕಿಂತ ದಪ್ಪ ಕಾಣುತ್ತದೆ. ಗಾಳಿಯ ಪಕ್ಕದ ಮೂಳೆ ತೆಳ್ಳಗೆ ತೋರುತ್ತದೆ, ದ್ರವದ ಪಕ್ಕದ ಅದೇ ಮೂಳೆ ದಪ್ಪ. ಹಾಗಾಗಿ ತುಂಬಿದ ಬುಲ್ಲಾದ ಗೋಡೆ ಎದುರು ಕಡೆಗಿಂತ ಕೊಂಚ ದಪ್ಪ ಇದೆ ಅಂದ ಕೂಡಲೇ ಹಳೇ ಕಾಯಿಲೆ ಅಂತ ಬರೆಯಬೇಡಿ. ಒರಟು, ಏರುಪೇರು, ಎದ್ದು ಕಾಣುವ ದಪ್ಪ ಇದ್ದರೆ ಬರೆಯಿರಿ.

ಒಳಗೆ ತುಂಬಿರುವುದು ಏನು? ವಸ್ತು ಎಷ್ಟು ಸಾಂದ್ರ ಅಂತ ಸಿ.ಟಿ. ಹೇಳುವುದು ಹೌನ್ಸ್‌ಫೀಲ್ಡ್ ಅಳತೆಯಲ್ಲಿ: ಗಾಳಿ ಸುಮಾರು ಮೈನಸ್ 1000, ನೀರು 0. ಗಾಳಿ ಇಲ್ಲ ಅನ್ನುವುದು ಈ ಅಳತೆಯಿಂದ ತಕ್ಷಣ ಗೊತ್ತಾಗುತ್ತದೆ. ಆದರೆ ಗಟ್ಟಿ ಕೀವಿನ ಅಳತೆ, ಮಾಂಸದ ಅಳತೆ ಹತ್ತಿರ ಹತ್ತಿರ ಇರುತ್ತವೆ. ಬರೀ ನಂಬರ್ ನೋಡಿ ಕೀವು ಅಂತ ಹೇಳುವವರ ಧೈರ್ಯ ನನಗಿಲ್ಲ. ನೋಡಬೇಕಾದ್ದು ಬೇರೆ ಎರಡು.

ಒಂದು, ಗಾಳಿಯೂ ದ್ರವವೂ ಸೇರುವ ಅಂಚು. ಅದು ನೆಲಕ್ಕೆ ಸಮನಾಗಿ ಸಪಾಟಾಗಿದ್ದರೆ ಒಳಗಿರುವುದು ಹರಿಯುವ ವಸ್ತು. ಅಂಚು ಉಬ್ಬಿದ್ದರೆ, ಗುಂಡಗಿದ್ದರೆ ಅದು ಗಡ್ಡೆಯೋ ಪಾಲಿಪ್ಪೋ ಗಟ್ಟಿಯಾಗಿ ಅಂಟಿದ ಕೀವೋ. ಪೂರ್ತಿ ತುಂಬಿಹೋಗಿದ್ದರೆ ಅಂಚೇ ಇರುವುದಿಲ್ಲ, ಆಗ ಈ ಉಪಾಯ ಕೆಲಸಕ್ಕೆ ಬಾರದು.

ಎರಡು, ಕಾಂಟ್ರಾಸ್ಟ್ ಹೇಗೆ ಹಿಡಿದಿದೆ ಅನ್ನುವುದು. ದ್ರವಕ್ಕೆ ರಕ್ತನಾಳ ಇಲ್ಲ, ಅದು ಕಾಂಟ್ರಾಸ್ಟ್ ಹಿಡಿಯುವುದಿಲ್ಲ. ಸುತ್ತಲಿನ ಒಳಪೊರೆ ಮಾತ್ರ ತೆಳ್ಳಗೆ ಬೆಳಗಬಹುದು. ಪಾಲಿಪ್‌ನಲ್ಲಿ ಹೊರಗಿನ ಅಂಚು ಬಳೆಯ ಹಾಗೆ ಬೆಳಗುತ್ತದೆ, ಒಳಗೆ ಮಂಕು, ಮತ್ತು ಅದೃಷ್ಟ ಇದ್ದರೆ ಬುಲ್ಲಾದಿಂದ ಗಂಟಲಿಗೋ ಹೊರಕಿವಿಗೋ ಹೋಗುವ ತೊಟ್ಟು ಕೂಡ ಕಾಣುತ್ತದೆ. ತೊಟ್ಟು ಕಂಡರೆ ಅನುಮಾನ ಬಹುಮಟ್ಟಿಗೆ ತೀರಿತು. ಇಡೀ ಉಂಡೆಯೇ ಎಲ್ಲೆಲ್ಲೋ ಏರುಪೇರಾಗಿ ಬೆಳಗುತ್ತಿದ್ದರೆ, ಮೂಳೆ ಕರಗಿ ಅದು ಗೋಡೆಯ ಹೊರಗೆ ಚಾಚಿದ್ದರೆ, ಬೆಕ್ಕಿಗೆ ವಯಸ್ಸೂ ಆಗಿದ್ದರೆ ಗಡ್ಡೆಯ ಮಾತನ್ನು ಮನೆಯವರ ಹತ್ತಿರ ತೆಗೆಯಬೇಕಾಗುತ್ತದೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ (ಚರ್ಮ, ಒಳಪೊರೆಯ ಚಪ್ಪಟೆ ಕೋಶಗಳ ಕ್ಯಾನ್ಸರ್), ಗುಗ್ಗೆ ಗ್ರಂಥಿಯ ಕ್ಯಾನ್ಸರ್ ಇಲ್ಲಿ ಮೊದಲಿಗೆ ನೆನಪಾಗಬೇಕಾದವು. ಆದರೂ ಮೂಳೆ ಕರಗಿದೆ ಅಂದರೆ ಕ್ಯಾನ್ಸರ್ರೇ ಅಂತ ಹೇಳಬೇಡಿ. ಜೋರಿನ ಸೋಂಕೂ ಮೂಳೆ ತಿನ್ನುತ್ತದೆ. ತುಂಡು ತೆಗೆದು ಲ್ಯಾಬಿಗೆ ಕಳಿಸದೆ ಆ ಪದ ಬಾಯಿಂದ ಬರಬಾರದು.

ಚಿತ್ರ ಮುಚ್ಚುವ ಮೊದಲು ಎದುರು ಕಡೆಯ ಬುಲ್ಲಾವನ್ನೂ ಅಷ್ಟೇ ನಿಧಾನವಾಗಿ ನೋಡಿ. ಲಕ್ಷಣ ಒಂದು ಕಡೆ, ಚಿತ್ರದಲ್ಲಿ ಎರಡೂ ಕಡೆ ಕಾಯಿಲೆ ಅನ್ನುವುದು ಹೊಸದೇನಲ್ಲ. ಮೂಗಿನೊಳಗೂ ಕಣ್ಣು ಹಾಯಿಸಿ. ಹಳೇ ಶೀತದ ಬೆಕ್ಕಿಗೆ ಮೂಗಿನ ಸಲುವಾಗಿ ಸಿ.ಟಿ. ಮಾಡಿದಾಗ ಬುಲ್ಲಾದಲ್ಲಿ ದ್ರವ ಸಿಗುವುದು ಸಾಕಷ್ಟು ಮಾಮೂಲಿ, ಕಿವಿಯ ಲಕ್ಷಣ ಒಂದೂ ಇಲ್ಲದೆ.

ಆ ತರಹದ ದ್ರವಕ್ಕೆ ಏನು ಮಾಡುವುದು? ಇಲ್ಲಿ ಎಲ್ಲರ ಅಭಿಪ್ರಾಯ ಒಂದೇ ಅಲ್ಲ. ನನ್ನ ಪ್ರಕಾರ, ಗೋಡೆ ಸರಿಯಿದ್ದು, ಬೆಕ್ಕು ಚೆನ್ನಾಗಿದ್ದು, ತಮಟೆ ಉಬ್ಬಿಲ್ಲ ಅಂದರೆ ಮೂಗಿಗೆ ಚಿಕಿತ್ಸೆ ಕೊಡಿ, ಕಿವಿಯ ಮೇಲೆ ಕಣ್ಣಿಡಿ. ಚಿತ್ರದಲ್ಲಿ ಬೂದು ಕಂಡಿತು ಅಂತ ಬುಲ್ಲಾ ಕೊರೆಯಲು ಹೋಗಬೇಡಿ.

ಎಂ.ಆರ್.ಐ. ಯಾವಾಗ?

ನರ, ಒಳಕಿವಿ, ಮಿದುಳು ಇವುಗಳ ಪ್ರಶ್ನೆ ಇದ್ದಾಗ. ಮೂಳೆಯ ಪ್ರಶ್ನೆಗೆ ಇದು ಸರಿಯಾದ ಯಂತ್ರ ಅಲ್ಲ, ಯಾಕೆಂದರೆ ಎಂ.ಆರ್.ಐ.ನಲ್ಲಿ ಗಟ್ಟಿ ಮೂಳೆಯೂ ಕಪ್ಪು, ಗಾಳಿಯೂ ಕಪ್ಪು. ಗಾಳಿ ತುಂಬಿದ ಬುಲ್ಲಾದ ಗೋಡೆ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಆದರೆ ಒಳಗೆ ದ್ರವ ಬಂದಿದ್ದರೆ ಟಿ2 ಅನ್ನುವ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಅದು ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ, ಕಣ್ತಪ್ಪುವುದು ಕಷ್ಟ.

ಒಳಕಿವಿಯನ್ನು ನೋಡುವ ರೀತಿ ಇದಕ್ಕೆ ಉಲ್ಟಾ. ಅಲ್ಲಿ ಸಹಜವಾಗಿಯೇ ದ್ರವ ಇರುತ್ತದೆ, ಹಾಗಾಗಿ ಟಿ2ನಲ್ಲಿ ಬೆಳ್ಳಗೆ ಕಾಣುವುದೇ ಆರೋಗ್ಯ. ಒಂದು ಕಡೆಯ ಒಳಕಿವಿ ಬೆಳಗುತ್ತಿದೆ, ಇನ್ನೊಂದು ಕಡೆ ಮಂಕಾಗಿದೆ ಅಂದರೆ ಮಂಕಾದ ಕಡೆ ಉರಿಯೂತ. ಗ್ಯಾಡೋಲಿನಿಯಂ (ಎಂ.ಆರ್.ಐ.ಗೆ ಬಳಸುವ ಕಾಂಟ್ರಾಸ್ಟ್) ಕೊಟ್ಟ ಮೇಲೆ ಒಳಕಿವಿಯೋ ಪಕ್ಕದ ನರವೋ ಬೆಳಗಿದರೆ ಅನುಮಾನ ಗಟ್ಟಿಯಾಗುತ್ತದೆ. ಮಿದುಳಿನ ಹೊದಿಕೆ ಬೆಳಗಿದ್ದರೆ ಸೋಂಕು ಒಳಗೆ ದಾಟಿದೆ, ಅಲ್ಲೇ ಕೀವಿನ ಗುಳ್ಳೆಯೂ ಸಿಗಬಹುದು. ಅಂಥ ಬೆಕ್ಕಿಗೆ ಇವತ್ತು ನಾಳೆ ಅನ್ನುವ ಹಾಗಿಲ್ಲ.

ಎಂ.ಆರ್.ಐ.ಗೆ ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಪೂರ್ತಿ ಅರಿವಳಿಕೆ ಬೇಕು. ಸಿ.ಟಿ. ಮಾಡಿಸಿ ಬುಲ್ಲಾ ಎರಡೂ ಖಾಲಿ ಅಂತ ಬಂತು, ಬೆಕ್ಕು ಮಾತ್ರ ಇನ್ನೂ ತೂರಾಡುತ್ತಿದೆ ಅನ್ನಿ. ಅದು ಕಾರಣ ತಿಳಿಯದೆ ಬಂದು ತಾನಾಗೇ ಕಡಿಮೆಯಾಗುವ ವೆಸ್ಟಿಬ್ಯುಲರ್ (ಸಮತೋಲದ) ತೊಂದರೆಯೂ ಇರಬಹುದು. ಮಿದುಳಿನ ಲಕ್ಷಣ ಇಲ್ಲದಿದ್ದರೆ, ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದರೆ ಕೆಲವು ದಿನ ಕಾದು ನೋಡುವುದರಲ್ಲಿ ತಪ್ಪಿಲ್ಲ. ಹೆಚ್ಚಾಗುತ್ತಿದ್ದರೆ ಎಂ.ಆರ್.ಐ.

ಚಿತ್ರ ಬಂತು, ಮುಂದೇನು

ಯಾವ ಸ್ಕ್ಯಾನೂ ಬ್ಯಾಕ್ಟೀರಿಯಾದ ಹೆಸರು ಹೇಳುವುದಿಲ್ಲ. ತಮಟೆ ಗಟ್ಟಿಯಾಗಿದ್ದು ಹಿಂದೆ ದ್ರವ ಇದ್ದರೆ, ಅರಿವಳಿಕೆಯಲ್ಲೇ ತಮಟೆಯ ಕೆಳ ಹಿಂಭಾಗದಲ್ಲಿ ಸೂಜಿ ಹಾಕಿ ಸ್ಯಾಂಪಲ್ ಎಳೆಯಬೇಕು. ಅದರಲ್ಲಿ ಒಂದು ಹನಿ ಸ್ಲೈಡಿಗೆ, ಉಳಿದದ್ದು ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ). ಮೇಲ್ಭಾಗಕ್ಕೆ ಹೋಗಬೇಡಿ, ಅಲ್ಲಿ ಕಿವಿಯ ಪುಟ್ಟ ಮೂಳೆ ಮತ್ತು ರಕ್ತನಾಳ ಇವೆ. ಹೊರಕಿವಿಯಿಂದ ತೆಗೆದ ಸ್ಯಾಂಪಲ್ಲಿನ ವರದಿಯನ್ನು ನಡುಕಿವಿಗೆ ಅನ್ವಯಿಸಬೇಡಿ, ಎರಡರಲ್ಲೂ ಒಂದೇ ಬ್ಯಾಕ್ಟೀರಿಯಾ ಇರಬೇಕೆಂದೇನಿಲ್ಲ.

ಬರೀ ಸೋಂಕು, ಗೋಡೆ ಗಟ್ಟಿ ಇದೆ ಅಂದರೆ ಕಲ್ಚರ್ ಹೇಳಿದ ಆ್ಯಂಟಿಬಯಾಟಿಕ್, ಸಾಮಾನ್ಯವಾಗಿ 6ರಿಂದ 8 ವಾರ. ಹತ್ತು ದಿನಕ್ಕೆ ಬೆಕ್ಕು ಚೆನ್ನಾಗಿ ಕಂಡಿತು ಅಂತ ಮನೆಯವರು ನಿಲ್ಲಿಸಿಬಿಡುತ್ತಾರೆ, ಅದನ್ನು ಮೊದಲ ದಿನವೇ ಹೇಳಿಡಿ. ದೊಡ್ಡ ಕೋಣೆ ಪೂರ್ತಿ ತುಂಬಿದ್ದು, ಔಷಧಿಗೆ ಜಗ್ಗುತ್ತಿಲ್ಲ ಅಂದರೆ ಕೆಳಗಿನಿಂದ ಬುಲ್ಲಾ ತೆರೆಯುವ ಆಪರೇಷನ್ ಬೇಕಾಗಬಹುದು. ಸರ್ಜನ್ ನಡುಗೋಡೆ ಒಡೆದು ಎರಡೂ ಕೋಣೆ ಚೊಕ್ಕ ಮಾಡುತ್ತಾರೆ. ಆಮೇಲೆ ಹಾರ್ನರ್ ಸಿಂಡ್ರೋಮ್ ಬರುವುದು ತೀರಾ ಸಾಮಾನ್ಯ, ಹೆಚ್ಚಿನವಕ್ಕೆ ಕೆಲವು ವಾರಗಳಲ್ಲಿ ಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಕಿವಿಗೆ ಆಪರೇಷನ್ ಮಾಡಿ ಕಣ್ಣು ಕೆಡಿಸಿದರು" ಅನ್ನುವ ಮಾತು ಕೇಳಬೇಕಾಗುತ್ತದೆ.

ಪಾಲಿಪ್ ಆದರೆ ಸಿ.ಟಿ. ಚಿತ್ರವೇ ದಾರಿ ತೋರಿಸುತ್ತದೆ. ಗಂಟಲಿನಲ್ಲೋ ಹೊರಕಿವಿಯಲ್ಲೋ ಕೈಗೆ ಸಿಗುವಂತಿದ್ದು ಬುಲ್ಲಾ ಹೆಚ್ಚು ಕೆಟ್ಟಿಲ್ಲ ಅಂದರೆ ಹಿಡಿದು ನಿಧಾನಕ್ಕೆ ಎಳೆದು ತೆಗೆಯಬಹುದು, ಆಮೇಲೆ ಕೆಲವು ದಿನ ಸ್ಟಿರಾಯ್ಡ್ ಕೊಡುವ ರೂಢಿ ಇದೆ. ಬುಲ್ಲಾ ತುಂಬಾ ತುಂಬಿಕೊಂಡಿದ್ದರೆ ಬುಡ ಅಲ್ಲೇ ಉಳಿದು ಮತ್ತೆ ಬೆಳೆಯುವ ಸಾಧ್ಯತೆ ಜಾಸ್ತಿ, ಆಪರೇಷನ್ ಮಾಡಿಸಿದರೆ ಅದು ಕಡಿಮೆ. ಒಂದು ಕಡೆ ಎಳೆದು ತೆಗೆದು, ಎದುರು ಕಡೆಯ ಪಾಲಿಪ್ ನೋಡದೆ ಬಿಟ್ಟಿಲ್ಲ ಅಲ್ವಾ ಅಂತ ಚಿತ್ರವನ್ನು ಇನ್ನೊಮ್ಮೆ ತಿರುವಿ ಹಾಕಿ.

ಚಿಕಿತ್ಸೆ ಆದ ಮೇಲಿನ ಸ್ಕ್ಯಾನ್

ಲಕ್ಷಣ ಉಳಿದರೆ, ಮರುಕಳಿಸಿದರೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಮೊದಲ ಸಲ ಯಾವ ಯಂತ್ರವೋ ಈಗಲೂ ಅದೇ ಇರಲಿ, ಹಳೇ ಚಿತ್ರ ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಓದಿ. ದಪ್ಪವಾದ ಗೋಡೆ ಸೋಂಕು ಹೋದ ಮೇಲೂ ದಪ್ಪವಾಗೇ ಇರಬಹುದು, ಅದೊಂದನ್ನೇ ನೋಡಿ ಕಾಯಿಲೆ ವಾಸಿಯಾಗಿಲ್ಲ ಅನ್ನಬೇಡಿ. ಒಳಗೆ ಗಾಳಿ ವಾಪಸ್ ಬಂದಿದೆಯಾ ಅನ್ನುವುದು ಮುಖ್ಯ. ವಾಲಿದ ತಲೆ ಕೂಡ ಹಾಗೇ: ಒಳಕಿವಿಗೆ ಆದ ಪೆಟ್ಟು ಪೂರ್ತಿ ಮಾಸದೆ ತಲೆ ಚೂರು ವಾಲಿದ ಹಾಗೇ ಉಳಿದ ಬೆಕ್ಕುಗಳು ಇವೆ, ಬುಲ್ಲಾ ಖಾಲಿಯಾಗಿರುತ್ತದೆ, ಅವು ಆರಾಮಾಗಿ ಓಡಾಡಿಕೊಂಡಿರುತ್ತವೆ. ಅಂಥ ಬೆಕ್ಕಿಗೆ ಇನ್ನೊಂದು ಸುತ್ತಿನ ಆ್ಯಂಟಿಬಯಾಟಿಕ್ ಬರೆಯಬೇಡಿ. ಆಪರೇಷನ್ ಆದ ಬುಲ್ಲಾ ಎದುರು ಕಡೆಯ ಮುಟ್ಟದ ಬುಲ್ಲಾದ ಹಾಗೆ ಕಾಣಬೇಕಿಲ್ಲ. ಸ್ಕ್ಯಾನ್ ಬೇರೆ ಕಡೆ ಓದಿಸುತ್ತಿದ್ದರೆ ಯಾವ ಕಿವಿಗೆ, ಯಾವ ತಾರೀಕು, ಏನು ಆಪರೇಷನ್ ಆಗಿದೆ ಅಂತ ಕೋರಿಕೆ ಚೀಟಿಯಲ್ಲೇ ಬರೆದು ಕಳಿಸಿ. ಇಲ್ಲದಿದ್ದರೆ "ಬುಲ್ಲಾದ ಗೋಡೆ ಕಾಣೆಯಾಗಿದೆ, ಗಡ್ಡೆ ಇರಬಹುದು" ಅಂತ ವರದಿ ಬಂದು ಮನೆಯವರಿಗೆ ನಿದ್ದೆ ಇರುವುದಿಲ್ಲ.